ಒಂದೇ ಚೈನ್‌ರಿಂಗಿನ ಏರೋ ಸೈಕಲ್: ನಮ್ಮ ಕರಾವಳಿಗೆ ಎಷ್ಟು ಹೊಂದುತ್ತದೆ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಒಳ್ಳೆಯ ರೋಡ್ ಬೈಕ್ ಕೊಳ್ಳಬೇಕೆಂದು ಬಹುಕಾಲದಿಂದ ಹಣ ಕೂಡಿಡುತ್ತಿದ್ದವರಿಗೆ ಇದು ಸಂತೋಷದ ಸುದ್ದಿ. ಆದರೆ ಮರುತಿಂಗಳೇ ಇನ್ನೊಂದು ಸುದ್ದಿ ಬಂತು. ವೃತ್ತಿಪರ ಸ್ಪರ್ಧೆಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದರೆ ಯುಸಿಐ, ಗೇರಿಗೆ ಗರಿಷ್ಠ ಮಿತಿ ಹಾಕಲು ಹೊರಟಿತ್ತು. ಅಮೆರಿಕದ ಸ್ರಾಮ್ ಕಂಪನಿ ಅದರ ವಿರುದ್ಧ ದೂರು ಕೊಟ್ಟಿತು. ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರ ಆ ನಿಯಮಕ್ಕೆ ತಡೆ ಹಾಕಿತು. ಚಕ್ರದ ರಿಮ್ಮಿನ ಎತ್ತರಕ್ಕೂ ಹ್ಯಾಂಡಲ್‌ಬಾರಿನ ಅಗಲಕ್ಕೂ ಮಿತಿ ಬಂದಿರುವ ಮಾತು ಬೇರೆ.

ಮಂಗಳೂರು, ಉಡುಪಿಯ ಕಡೆ ಬೆಳಗಿನ ಜಾವ ಹೆದ್ದಾರಿಯಲ್ಲಿ ಸೈಕಲ್ ತುಳಿಯುವವರಲ್ಲಿ ಈ ಎರಡು ಸುದ್ದಿಗಳೂ ಒಂದೇ ಪ್ರಶ್ನೆಗೆ ಬಂದು ಸೇರಿವೆ. ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಡಿಸ್ಕ್ ಬ್ರೇಕ್, ಗಾಳಿ ಸೀಳುವ ಚಪ್ಪಟೆ ಕೊಳವೆಗಳ ಚೌಕಟ್ಟು ಇರುವ ಏರೋ ಸೈಕಲ್ ಈಗ ಕೊಳ್ಳಬಹುದೆ? ನಾಳೆ ಅದೇ ನಿಯಮಬಾಹಿರವಾದರೆ? ಅದಿರಲಿ, ನಮ್ಮ ಮಳೆಗೆ, ನಮ್ಮ ಘಾಟಿಗೆ ಅದು ಹೇಳಿ ಮಾಡಿಸಿದ್ದೆ?

ಗೇರಿನ ಜಗಳ ನಮಗೆ ಸಂಬಂಧಿಸಿದ್ದೆ?

ಮೊದಲು ಈ ಗೊಂದಲವನ್ನು ಬಿಡಿಸೋಣ. ಯುಸಿಐ ಪ್ರಸ್ತಾಪಿಸಿದ ಮಿತಿ ಹೀಗಿತ್ತು: ಮುಂದೆ 54 ಹಲ್ಲು, ಹಿಂದೆ 11 ಹಲ್ಲಿನ ಗೇರಿಗಿಂತ ಭಾರವಾದದ್ದು ಇರಬಾರದು. ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ 10.46 ಮೀಟರಿಗಿಂತ ಹೆಚ್ಚು ಸಾಗಬಾರದು. ವೇಗ ತಗ್ಗಿದರೆ ಅಪಘಾತ ತಗ್ಗುತ್ತದೆ ಎಂಬುದು ಒಕ್ಕೂಟದ ವಾದ. 2025ರ ಅಕ್ಟೋಬರಿನಲ್ಲಿ ಚೀನಾದ ಗುವಾಂಗ್ಶಿ ಸ್ಪರ್ಧೆಯಲ್ಲಿ ಇದನ್ನು ಪ್ರಾಯೋಗಿಕವಾಗಿ ಜಾರಿ ಮಾಡಬೇಕೆಂದಿತ್ತು.

ಸ್ರಾಮ್ ಏಕೆ ಸಿಟ್ಟಾಯಿತು? ಅದರ ಕ್ಯಾಸೆಟ್‌ಗಳಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಅತಿ ಚಿಕ್ಕ ಹಲ್ಲುಚಕ್ರ 11 ಹಲ್ಲಿನದಲ್ಲ, 10 ಹಲ್ಲಿನದು. ಮುಂದೆ 50 ಹಲ್ಲು, ಹಿಂದೆ 10 ಹಲ್ಲು ಇದ್ದರೆ ಅನುಪಾತ ಸರಿಯಾಗಿ 5. 54ನ್ನು 11ರಿಂದ ಭಾಗಿಸಿದರೆ 4.9. ಅಂದರೆ ಸ್ರಾಮ್‌ನ ತೀರಾ ಸಾಮಾನ್ಯ ಜೋಡಣೆಯೂ ಮಿತಿಯನ್ನು ಕೂದಲೆಳೆಯಷ್ಟು ದಾಟುತ್ತದೆ. ಜಪಾನಿನ ಶಿಮಾನೊ ಬಳಸುವವರಿಗೆ ಈ ತೊಂದರೆ ಇಲ್ಲ. ಒಂದು ಕಂಪನಿಗೆ ಮಾತ್ರ ಪೆಟ್ಟು ಬೀಳುವ ನಿಯಮ ಇದು ಎಂಬ ದೂರು ಬಂದದ್ದು ಹಾಗೆ. ನಿಯಮ ರೂಪಿಸಿದ ಬಗೆಯಲ್ಲಿ ಪಾರದರ್ಶಕತೆ, ವಸ್ತುನಿಷ್ಠತೆ ಮೇಲ್ನೋಟಕ್ಕೇ ಕಾಣುತ್ತಿಲ್ಲ ಎಂದು ಪ್ರಾಧಿಕಾರ ಮಧ್ಯಂತರ ತಡೆ ಕೊಟ್ಟಿತು.

ಒಂದೇ ಚೈನ್‌ರಿಂಗಿನ ಸೈಕಲ್ಲುಗಳಿಗೆ ಈ 10 ಹಲ್ಲಿನ ಚಕ್ರವೇ ಆಧಾರ. ಮುಂದಿನ ರಿಂಗನ್ನು ಚಿಕ್ಕದು ಮಾಡಿಯೂ ವೇಗದ ಗೇರು ಉಳಿಸಿಕೊಳ್ಳಲು ಸಾಧ್ಯವಾಗುವುದು ಅದರಿಂದ. ಹಾಗಾಗಿಯೇ ಜನ ಹೆದರಿದ್ದು. ಹೆದರಬೇಕಾಗಿಲ್ಲ. ಯುಸಿಐ ನಿಯಮ ಯುಸಿಐ ಸ್ಪರ್ಧೆಗಳಿಗೆ ಮಾತ್ರ. ಸುರತ್ಕಲ್ಲಿನಿಂದ ಪಡುಬಿದ್ರಿಗೆ ಹೋಗಿ ಬರುವವರ ಗೇರನ್ನು ಯಾರೂ ಅಳೆಯುವುದಿಲ್ಲ. ಒಂದು ವೇಳೆ ಅಳೆದರೂ, 10.46 ಮೀಟರಿನ ಗೇರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 56 ಕಿಲೋಮೀಟರಿಗೂ ಹೆಚ್ಚು ವೇಗ ಬರುತ್ತದೆ. ಸಮತಟ್ಟಿನಲ್ಲಿ ಒಬ್ಬರೇ ತುಳಿಯುವಾಗ ನಮ್ಮಲ್ಲಿ ಬಹುತೇಕರು ಆ ಗೇರಿಗೆ ಹೋಗುವುದೇ ಇಲ್ಲ. ಇದಲ್ಲದೆ, ಒಂದೇ ರಿಂಗಿನ ಸೈಕಲ್ಲುಗಳಲ್ಲಿ ಮುಂದೆ ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಹಲ್ಲುಗಳಿರುತ್ತವೆ. 48 ಹಲ್ಲಿನ ರಿಂಗಿಗೆ 10 ಹಲ್ಲಿನ ಚಕ್ರ ಸೇರಿದರೆ ಅನುಪಾತ 4.8. ಜಗಳಕ್ಕೆ ಕಾರಣವಾದ ಮಿತಿಯ ಒಳಗೇ ಅದು ಇದೆ.

ಈ ಸೈಕಲ್ ಬಂದ ದಾರಿ

ಒಂದೇ ಚೈನ್‌ರಿಂಗ್ ಹುಟ್ಟಿದ್ದು ರಸ್ತೆಗಾಗಿ ಅಲ್ಲ. 2012ರಲ್ಲಿ ಸ್ರಾಮ್ ಅದನ್ನು ಬೆಟ್ಟದ ಹಾದಿಯ ಸೈಕಲ್ಲುಗಳಿಗೆ ತಂದಿತು. ಕೆಸರು, ಕಲ್ಲು, ಕುಲುಕಾಟದ ನಡುವೆ, ಚೈನನ್ನು ರಿಂಗಿನಿಂದ ರಿಂಗಿಗೆ ಸರಿಸುವ ಮುಂದಿನ ಡಿರೇಲರ್ ತೊಂದರೆ ಕೊಡುತ್ತಿತ್ತು. ಅದನ್ನೇ ಕಿತ್ತುಹಾಕಿ, ಹಿಂದೆ ದೊಡ್ಡ ಕ್ಯಾಸೆಟ್ ಇಟ್ಟು, ಚೈನು ಜಾರದಂತೆ ರಿಂಗಿನಲ್ಲಿ ಒಂದು ದಪ್ಪ ಹಲ್ಲು, ಒಂದು ತೆಳು ಹಲ್ಲು ಎಂಬ ಕ್ರಮ ಮಾಡಿದರು. ಅಲ್ಲಿ ಅದು ಪೂರ್ಣವಾಗಿ ಗೆದ್ದಿತು. ಇಂದು ಒಳ್ಳೆಯ ಮೌಂಟನ್ ಬೈಕಿನಲ್ಲಿ ಎರಡು ರಿಂಗ್ ಹುಡುಕಿದರೂ ಸಿಗುವುದು ಕಷ್ಟ.

ರಸ್ತೆಗೆ ಅದನ್ನು ಧೈರ್ಯವಾಗಿ ತಂದದ್ದು 2017ರಲ್ಲಿ ಹೊರಬಂದ 3ಟಿ ಕಂಪನಿಯ ಸ್ಟ್ರಾಡಾ. ವಿನ್ಯಾಸ ಗೆರಾರ್ಡ್ ವ್ರೂಮೆನ್ ಅವರದು. ಅವರ ತರ್ಕ ಅಚ್ಚುಕಟ್ಟಾಗಿತ್ತು. ಮುಂದಿನ ಡಿರೇಲರ್ ಇಲ್ಲದಿದ್ದರೆ ಸೀಟಿನ ಕೊಳವೆಯನ್ನು ಹಿಂದಿನ ಚಕ್ರಕ್ಕೆ ಅಂಟುವಂತೆ ಬಾಗಿಸಬಹುದು. ಡಿಸ್ಕ್ ಬ್ರೇಕ್ ಇದ್ದರೆ ಚಕ್ರದ ಮೇಲೆ ಬ್ರೇಕಿನ ಗಂಟು ಇರುವುದಿಲ್ಲ, ಅಗಲದ ಟಯರಿಗೂ ಜಾಗವಾಗುತ್ತದೆ. ಅಗಲದ ಟಯರು ಆರಾಮ ಕೊಡುತ್ತದೆ, ಚೌಕಟ್ಟು ವೇಗ ಕೊಡುತ್ತದೆ. ಮೂರು ಲಕ್ಷಣಗಳೂ ಒಂದಕ್ಕೊಂದು ಹೆಗಲು ಕೊಡುವ ವಿನ್ಯಾಸ ಅದು.

2018ರಲ್ಲಿ ಐರ್ಲೆಂಡಿನ ಅಕ್ವಾ ಬ್ಲೂ ಸ್ಪೋರ್ಟ್ ತಂಡ ಇದೇ ಸೈಕಲ್ಲಿನಲ್ಲಿ ವೃತ್ತಿಪರ ಸ್ಪರ್ಧೆಗಳಿಗೆ ಇಳಿಯಿತು. ಸವಾರರಿಂದ ಗೊಣಗಾಟ ಕೇಳಿಬಂತು, ತಂಡದ ಮಾಲೀಕರೇ ಬಹಿರಂಗವಾಗಿ ಸೈಕಲ್ಲನ್ನು ದೂರಿದರು, ಆ ವರ್ಷ ಮುಗಿಯುವ ಮುನ್ನವೇ ತಂಡ ಮುಚ್ಚಿತು. ತಂಡ ಮುಚ್ಚಿದ್ದಕ್ಕೆ ಪ್ರಾಯೋಜಕರ ಕೊರತೆಯೇ ಮುಖ್ಯ ಕಾರಣ; ಸೈಕಲ್ಲಿನ ಮೇಲೆ ಪೂರ್ತಿ ಹೊಣೆ ಹೊರಿಸುವುದು ನ್ಯಾಯವಲ್ಲ. ಆದರೂ ಕಂಪನಿ ಮುಂದೆ ಅದೇ ಸೈಕಲ್ಲಿನ ಎರಡು ರಿಂಗಿನ ರೂಪ, ಸ್ಟ್ರಾಡಾ ಡುಯೆ, ತಂದಿತೆಂಬುದನ್ನು ಗಮನಿಸಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಗ ಹಿಂದೆ 11 ಹಲ್ಲುಚಕ್ರಗಳಿದ್ದವು. ಈಗ 12, ಕೆಲವೆಡೆ 13. 2020ರಲ್ಲಿ ಇಟಲಿಯ ಕಂಪಾನ್ಯೋಲೊ 9ರಿಂದ 42 ಹಲ್ಲಿನವರೆಗಿನ 13 ಚಕ್ರಗಳ ಕ್ಯಾಸೆಟ್ ತಂದಿತು. 2023ರಲ್ಲಿ ಇಟಲಿಯ ಹಲವು ಹಂತಗಳ ಸ್ಪರ್ಧೆ ಜಿರೊ ದಿ ಇಟಾಲಿಯಾದಲ್ಲಿ ಪ್ರಿಮೊಜ್ ರೊಗ್ಲಿಚ್ ಮಾಂಟೆ ಲುಸ್ಸಾರಿಯ ಕಡಿದಾದ ಏರಿನ ಟೈಮ್ ಟ್ರಯಲ್‌ಗೆ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಹಂತ) ಒಂದೇ ರಿಂಗ್ ಹಾಕಿಕೊಂಡು ಬಂದರು. ನಡುವೆ ಚೈನು ಕಳಚಿತು. ಇಳಿದು ಹಾಕಿಕೊಂಡು ಮತ್ತೆ ತುಳಿದು ಆ ದಿನದ ಹಂತವನ್ನೂ, 14 ಸೆಕೆಂಡುಗಳ ಅಂತರದಿಂದ ಇಡೀ ಜಿರೊವನ್ನೂ ಗೆದ್ದರು. ಒಂದೇ ರಿಂಗಿನ ಪರ ಇರುವವರೂ ವಿರೋಧಿಸುವವರೂ ಇದೇ ಘಟನೆಯನ್ನು ತಮ್ಮ ಸಾಕ್ಷಿಯಾಗಿ ಹೇಳುತ್ತಾರೆ.

ಹಲ್ಲುಗಳ ಲೆಕ್ಕ

ಒಂದೇ ರಿಂಗಿನ ಬಗ್ಗೆ ಎರಡು ಆಕ್ಷೇಪಗಳಿವೆ: ಏರಿಗೆ ಸಾಕಷ್ಟು ಹಗುರ ಗೇರು ಸಿಗುವುದಿಲ್ಲ, ಗೇರಿನಿಂದ ಗೇರಿಗೆ ಅಂತರ ಹೆಚ್ಚು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಉತ್ತರಗಳೂ ಬೇರೆ.

ಇಂದು ಸಾಮಾನ್ಯವಾಗಿ ಸಿಗುವ ಎರಡು ರಿಂಗಿನ ಜೋಡಣೆ ಮುಂದೆ 50 ಮತ್ತು 34, ಹಿಂದೆ 11ರಿಂದ 34. ಅತಿ ಹಗುರ ಗೇರು 34ಕ್ಕೆ 34, ಅಂದರೆ ಅನುಪಾತ 1. ಅತಿ ಭಾರದ್ದು 4.55. ಒಂದೇ ರಿಂಗಿನಲ್ಲಿ ಮುಂದೆ 44, ಹಿಂದೆ 10ರಿಂದ 44 ಹಾಕಿದರೆ ಹಗುರದ್ದು 1, ಭಾರದ್ದು 4.4. ವ್ಯತ್ಯಾಸ ಬಹಳ ಕಡಿಮೆ. ಹಾಗಾದರೆ ಒಂದೇ ರಿಂಗಿನಲ್ಲಿ ಏರು ಹತ್ತಲಾಗದು ಎಂಬ ಮಾತು ಸುಳ್ಳೆ? ಈ ಜೋಡಣೆಯ ಮಟ್ಟಿಗೆ ಸುಳ್ಳು.

ಆದರೆ ಏರೋ ಸೈಕಲ್ಲುಗಳಲ್ಲಿ ಅಷ್ಟು ದೊಡ್ಡ ಕ್ಯಾಸೆಟ್ ಸಾಮಾನ್ಯವಾಗಿ ಇರುವುದಿಲ್ಲ. ಅವು ವೇಗಕ್ಕಾಗಿ ಮಾಡಿದವು. ಮುಂದೆ 46 ಅಥವಾ 48, ಹಿಂದೆ 33 ಅಥವಾ 36ಕ್ಕೆ ಮುಗಿಯುವ ಕ್ಯಾಸೆಟ್ ಹಾಕಿ ಮಾರುತ್ತಾರೆ. 46ಕ್ಕೆ 36 ಎಂದರೆ 1.28. 46ಕ್ಕೆ 33 ಎಂದರೆ 1.39. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ಅಂತರ ಘಾಟಿಯಲ್ಲಿ ಏನಾಗುತ್ತದೆಂದು ಮುಂದೆ ನೋಡೋಣ.

ಎರಡನೆಯ ಆಕ್ಷೇಪ, ಗೇರುಗಳ ನಡುವಿನ ಅಂತರ. ನಿಮಿಷಕ್ಕೆ 90 ಸುತ್ತಿನ ತುಳಿತ ಎಂದು ಹಿಡಿದರೆ, 44 ಹಲ್ಲಿನ ಒಂದೇ ರಿಂಗು ಮತ್ತು 10–44 ಕ್ಯಾಸೆಟ್ಟಿನಲ್ಲಿ ಮೇಲಿನ ಗೇರುಗಳು ಗಂಟೆಗೆ ಸುಮಾರು 30, 34, 39, 46, 51 ಕಿಲೋಮೀಟರ್ ವೇಗಕ್ಕೆ ಹೊಂದುತ್ತವೆ. ಎರಡು ರಿಂಗಿನ 50ರಲ್ಲಿ 30, 34, 38, 41, 44, 48, 52. ಗಮನಿಸಿ: 30ರಿಂದ 38ರವರೆಗೆ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ! ಕಂದಕ ಬೀಳುವುದು 39ರ ಮೇಲೆ. ಒಂದೇ ರಿಂಗಿನವರಿಗೆ 39 ಆದ ಮೇಲೆ ನೇರ 46.

ಇದರಿಂದ ತೊಂದರೆಯಾಗುವುದು ಯಾರಿಗೆ? ಗುಂಪಿನಲ್ಲಿ 42, 43ರ ವೇಗದಲ್ಲಿ ಸಾಗುವ ಸ್ಪರ್ಧಿಗೆ. ಒಂದು ಗೇರಿನಲ್ಲಿ ಕಾಲು ಪರದಾಡುತ್ತದೆ, ಇನ್ನೊಂದರಲ್ಲಿ ತೊಡೆ ಬಿಗಿಯುತ್ತದೆ. ಅಕ್ವಾ ಬ್ಲೂ ಸವಾರರ ಅಸಮಾಧಾನಕ್ಕೆ ಮೂಲ ಇಲ್ಲಿಯೇ ಇದೆ ಎಂದು ನನ್ನ ಅಂದಾಜು. ಮಂಗಳೂರಿನಿಂದ ಮೂಲ್ಕಿಗೆ 28ರಿಂದ 33ರ ವೇಗದಲ್ಲಿ ಒಬ್ಬರೇ ಹೋಗುವವರಿಗೆ ಆ ಕಂದಕ ಎದುರಾಗುವುದೇ ಇಲ್ಲ. ವೃತ್ತಿಪರರ ದೂರನ್ನು ನಾವು ಹಾಗೆಯೇ ಎರವಲು ಪಡೆಯಬಾರದು ಎನ್ನುವುದು ಇದಕ್ಕಾಗಿ.

ನಮ್ಮ ನೆಲ ಒಂದೇ ರಿಂಗಿನ ಪರವಾಗಿ ಹೇಳುವ ಮಾತೊಂದಿದೆ. ಹೆದ್ದಾರಿ ಬಿಟ್ಟರೆ ಕರಾವಳಿಯಲ್ಲಿ ಸಮತಟ್ಟು ಎಂಬುದೇ ಕಡಿಮೆ. ಕದ್ರಿ, ಬಿಜೈ, ಕುಲಶೇಖರ, ಮರೋಳಿ, ಅತ್ತ ಉಡುಪಿಯಿಂದ ಮಣಿಪಾಲ, ಪರ್ಕಳ: ಎಲ್ಲವೂ ಗುಡ್ಡೆ ಹತ್ತಿ ಇಳಿಯುವ ರಸ್ತೆಗಳು. ತಿರುವು ಕಳೆದೊಡನೆ ಏರು ಎದುರಾದಾಗ ಎರಡು ರಿಂಗಿನವರು ದೊಡ್ಡದರಿಂದ ಚಿಕ್ಕದಕ್ಕೆ ಚೈನು ಬೀಳಿಸಬೇಕು, ಜತೆಗೇ ಹಿಂದೆ ಎರಡು ಮೂರು ಗೇರು ಸರಿಪಡಿಸಿಕೊಳ್ಳಬೇಕು. ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆಯುತ್ತಿರುವಾಗ ಚೈನು ಕಳಚಿ ಬೀಳುವುದು ಹೆಚ್ಚಾಗಿ ಇದೇ ಗಳಿಗೆಯಲ್ಲಿ. ಒಂದೇ ರಿಂಗಿನಲ್ಲಿ ಬಲಗೈ ಬೆರಳೊಂದೇ ಕೆಲಸ ಮಾಡುತ್ತದೆ. ಮಳೆಗಾಲದ ಕೆಂಪು ರಾಡಿ ಮೆತ್ತಿಕೊಂಡು ಸಿಕ್ಕಿಹಾಕಿಕೊಳ್ಳಲು ಮುಂದಿನ ಡಿರೇಲರ್ ಎಂಬುದೇ ಇರುವುದಿಲ್ಲ.

ಘಾಟಿಯ ಪರೀಕ್ಷೆ

ಕರಾವಳಿಯ ಸವಾರರು ಎಂದಾದರೂ ಒಂದು ದಿನ ಘಟ್ಟದ ಕಡೆ ಮುಖ ಮಾಡಿಯೇ ಮಾಡುತ್ತಾರೆ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳು. ಉಜಿರೆ ದಾಟಿದರೆ ಚಾರ್ಮಾಡಿ. ಕಾರ್ಕಳದಿಂದ ಮಾಳದ ಮೂಲಕ ಕುದುರೆಮುಖದ ಕಡೆಗೆ ಇನ್ನೊಂದು ದಾರಿ.

70 ಕಿಲೋ ತೂಕದವರು, ಸೈಕಲ್ಲು ಮತ್ತು ನೀರಿನ ಬಾಟಲಿ ಸೇರಿ 82 ಕಿಲೋ ಎಂದಿಟ್ಟುಕೊಳ್ಳಿ. ತಾಸುಗಟ್ಟಲೆ ತುಳಿಯಬಲ್ಲ ಸಾಧಾರಣ ಅಭ್ಯಾಸಿ ಸುಮಾರು 150 ವ್ಯಾಟ್ ಶಕ್ತಿ ಕೊಡಬಲ್ಲರು. ನೂರಕ್ಕೆ ಏಳರ ಏರಿನಲ್ಲಿ ಆ ಶಕ್ತಿಗೆ ಬರುವ ವೇಗ ಗಂಟೆಗೆ 9 ಕಿಲೋಮೀಟರಿನ ಆಸುಪಾಸು. ಅನುಪಾತ 1 ಇದ್ದರೆ ಕಾಲು ನಿಮಿಷಕ್ಕೆ 70 ಸುತ್ತು ತಿರುಗುತ್ತದೆ, ಸಹಜವಾದ ತುಳಿತ. 1.28 ಇದ್ದರೆ 55 ಸುತ್ತು. 1.39 ಇದ್ದರೆ 50. ತಿರುವಿನಲ್ಲಿ ಏರು ನೂರಕ್ಕೆ ಹತ್ತಾದರೆ ವೇಗ ಆರೂವರೆಗೆ ಇಳಿಯುತ್ತದೆ, 1.28ರ ಗೇರಿನಲ್ಲಿ ನಿಮಿಷಕ್ಕೆ 40 ಸುತ್ತೂ ಬರುವುದಿಲ್ಲ. ಪ್ರತಿ ಸುತ್ತಿನಲ್ಲೂ ಮೊಣಕಾಲಿನ ಮೇಲೆ ಬೀಳುವ ಒತ್ತಡ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಐದು ನಿಮಿಷದ ಮಣಿಪಾಲದ ಏರನ್ನು ಹೇಗೋ ಎದ್ದುನಿಂತು ತುಳಿದು ಮುಗಿಸಬಹುದು. ಘಾಟಿಯಲ್ಲಿ ಅದು ನಡೆಯುವುದಿಲ್ಲ.

ಆದ್ದರಿಂದ ರಿಂಗು ಒಂದೋ ಎರಡೋ ಎಂದು ಕೇಳುವುದಕ್ಕಿಂತ, ಅತಿ ಹಗುರ ಗೇರಿನ ಅನುಪಾತ ಎಷ್ಟು ಎಂದು ಕೇಳಬೇಕು. ಅದು 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದೇ ರಿಂಗು ಇಲ್ಲಿ ಧಾರಾಳವಾಗಿ ನಡೆಯುತ್ತದೆ. 1.2 ದಾಟಿದ್ದರೆ, ಮತ್ತು ಘಟ್ಟ ಹತ್ತುವ ಆಸೆ ನಿಮಗಿದ್ದರೆ, ಆ ಸೈಕಲ್ಲನ್ನು ಹಾಗೆಯೇ ತರಬೇಡಿ. ಕ್ಯಾಸೆಟ್ ಬದಲಿಸಿಕೊಂಡರಾಯಿತು ಎನ್ನುವವರಿದ್ದಾರೆ. ಹಿಂದಿನ ಡಿರೇಲರ್ ಎಷ್ಟು ದೊಡ್ಡ ಚಕ್ರವನ್ನು ಹೊರಬಲ್ಲದು ಎಂಬುದಕ್ಕೆ ಮಿತಿಯಿದೆ. 36ಕ್ಕೆ ಮಾಡಿದ್ದರ ಮೇಲೆ 44 ಕೂರುವುದಿಲ್ಲ. ಡಿರೇಲರ್, ಚೈನು, ಕ್ಯಾಸೆಟ್ ಮೂರನ್ನೂ ಬದಲಿಸಬೇಕಾಗಿ ಬರುತ್ತದೆ. ಮೇಲಾಗಿ 10 ಹಲ್ಲಿನ ಕ್ಯಾಸೆಟ್ ಎಲ್ಲ ಹಿಂಚಕ್ರಗಳಿಗೂ ಹೊಂದುವುದಿಲ್ಲ, ಅದಕ್ಕೆ ಬೇರೆ ಬಗೆಯ ಫ್ರೀಹಬ್ (ಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು. ಕೊಳ್ಳುವಾಗಲೇ ಮಾತಾಡಿ ಬದಲಿಸಿಕೊಂಡರೆ ಈ ಖರ್ಚು ಬಹುಪಾಲು ತಪ್ಪುತ್ತದೆ.

ಡಿಸ್ಕ್ ಬ್ರೇಕ್: ಮಳೆ ಕೊಡುವ ತೀರ್ಪು

ವೃತ್ತಿಪರ ಲೋಕ ಡಿಸ್ಕ್ ಬ್ರೇಕನ್ನು ಸುಲಭವಾಗಿ ಒಪ್ಪಲಿಲ್ಲ. 2016ರ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಬಿದ್ದ ಫ್ರಾನ್ ವೆಂಟೋಸೊ ತಮ್ಮ ಕಾಲಿಗೆ ಆದ ಆಳದ ಗಾಯಕ್ಕೆ ರೋಟರ್ (ಡಿಸ್ಕ್ ಬ್ರೇಕಿನ ಲೋಹದ ತಟ್ಟೆ) ಕಾರಣವೆಂದಾಗ ಪ್ರಯೋಗವನ್ನೇ ನಿಲ್ಲಿಸಲಾಯಿತು. 2017ರ ಟೂರ್ ದ ಫ್ರಾನ್ಸ್‌ನಲ್ಲಿ ಮಾರ್ಸೆಲ್ ಕಿಟ್ಟೆಲ್ ಡಿಸ್ಕ್ ಬ್ರೇಕಿನ ಮೊದಲ ಹಂತ ಗೆಲುವು ಕಂಡರು. ಪೂರ್ಣ ಅನುಮತಿ ಬಂದದ್ದು 2018ರ ಜುಲೈಯಲ್ಲಿ. 2020ರಲ್ಲಿಯೂ ತಾದೆ ಪೊಗಾಚಾರ್ ಟೂರ್ ಗೆದ್ದದ್ದು ಚಕ್ರದ ಅಂಚನ್ನೇ ಹಿಡಿಯುವ ಹಳೆಯ ರಿಮ್ ಬ್ರೇಕಿನಲ್ಲಿ. ಆದ್ದರಿಂದ ಡಿಸ್ಕ್ ಇಲ್ಲದೆ ವೇಗ ಬರುವುದಿಲ್ಲ ಎಂಬ ಪ್ರಚಾರ ಟೊಳ್ಳು. ರಿಮ್ ಬ್ರೇಕಿನ ಸೈಕಲ್ಲು ಹಗುರ, ಸರಳ, ರಿಪೇರಿ ಸುಲಭ.

ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ: ನಮ್ಮ ಎರಡು ಜಿಲ್ಲೆಗಳಲ್ಲಿ ಡಿಸ್ಕ್ ಬ್ರೇಕನ್ನೇ ಕೊಳ್ಳಬೇಕು. ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಸುಮಾರಿಗೆ ಮಳೆ. ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ರಿಮ್ ಬ್ರೇಕ್ ಒದ್ದೆಯಾದಾಗ ಪ್ಯಾಡು ಮೊದಲು ರಿಮ್ಮಿನ ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಆ ನಡುವೆ ಚಕ್ರ ಕೆಲವು ಸುತ್ತು ಹೋಗಿರುತ್ತದೆ. ಚಕ್ರ ಒಂದು ಸುತ್ತು ಹೋದರೆ ಎರಡು ಮೀಟರಿಗೂ ಹೆಚ್ಚು ದೂರ ಸಾಗಿರುತ್ತೀರಿ. ಕಾರ್ಬನ್ ರಿಮ್ಮಿನಲ್ಲಿ ಇದು ಇನ್ನೂ ಕೆಟ್ಟದು. ಆಟಿ ತಿಂಗಳ ಸುರಿಮಳೆಯಲ್ಲಿ ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗ ಎದುರಿನ ರಿಕ್ಷಾ ಥಟ್ಟನೆ ನಿಂತರೆ, ಆ ಕೆಲವು ಮೀಟರ್ ದೊಡ್ಡ ಮಾತು.

ಇನ್ನೊಂದು ಕಾರಣ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಪುಡಿ. ನಮ್ಮ ರಸ್ತೆಯ ಮಳೆನೀರಿನಲ್ಲಿ ಅದು ಯಾವಾಗಲೂ ಬೆರೆತಿರುತ್ತದೆ. ರಿಮ್ ಬ್ರೇಕಿನಲ್ಲಿ ಈ ಪುಡಿ ಪ್ಯಾಡಿಗೆ ಅಂಟಿ ರಿಮ್ಮನ್ನೇ ಉಜ್ಜುತ್ತದೆ. ರಿಮ್ಮು ಸವೆದರೆ ಚಕ್ರವನ್ನೇ ಮತ್ತೆ ಕಟ್ಟಿಸಬೇಕು ಅಥವಾ ಬದಲಿಸಬೇಕು. ಡಿಸ್ಕಿನಲ್ಲಿ ಸವೆಯುವುದು ಪ್ಯಾಡು ಮತ್ತು ರೋಟರ್ ಮಾತ್ರ. ಶಿಮಾನೊ ರೋಟರಿನ ದಪ್ಪ ಹೊಸದರಲ್ಲಿ 1.8 ಮಿಲಿಮೀಟರ್, 1.5ಕ್ಕೆ ಬಂದಾಗ ತೆಗೆಯಬೇಕು. ರಾಳದ ಪ್ಯಾಡುಗಳು ಕೆಸರಿನಲ್ಲಿ ಬೇಗ ಕರಗುತ್ತವೆ. ಮಳೆಗಾಲಕ್ಕೆ ಲೋಹದ ಪ್ಯಾಡು ಹಾಕಿಸಿಕೊಳ್ಳುವುದು ಮೇಲು, ಸ್ವಲ್ಪ ಸದ್ದು ಮಾಡಿದರೂ. ಆದರೆ ರೋಟರಿನ ಮೇಲೆ ರಾಳದ ಪ್ಯಾಡಿಗೆ ಮಾತ್ರ ಎಂದು ಬರೆದಿದ್ದರೆ ಲೋಹದ್ದನ್ನು ಹಾಕಿಸಬಾರದು.

ಬ್ರೇಕಿನ ಎಣ್ಣೆಯ ವಿಷಯ ಅಂಗಡಿಗಳಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಶಿಮಾನೊ ಮತ್ತು ಕಂಪಾನ್ಯೋಲೊ ಖನಿಜ ತೈಲ ಬಳಸುತ್ತವೆ, ಅದು ತೇವ ಹೀರುವುದಿಲ್ಲ. ಸ್ರಾಮ್‌ನ ರಸ್ತೆ ಬ್ರೇಕುಗಳಲ್ಲಿ ಕಾರುಗಳಲ್ಲಿ ಬಳಸುವಂಥ ಡಾಟ್ 5.1 ದ್ರವ ಇರುತ್ತದೆ. ಅದು ತೇವವನ್ನು ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 260 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಅದರ ಕುದಿಬಿಂದು, ತೇವ ಸೇರಿದ ಮೇಲೆ 180ರ ಮಟ್ಟಕ್ಕೆ ಇಳಿಯಬಹುದು. ದ್ರವ ಕುದಿದರೆ ಆವಿಯ ಗುಳ್ಳೆಗಳಾಗಿ ಲಿವರ್ ಮೆತ್ತಗಾಗುತ್ತದೆ. ಹನ್ನೆರಡು ತಿಂಗಳೂ ಗಾಳಿಯಲ್ಲಿ ನೀರಿರುವ ಊರಿನಲ್ಲಿ, ಚಾರ್ಮಾಡಿಯಂಥ ಉದ್ದದ ಇಳಿಜಾರು ಇಳಿಯುವವರು, ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸಲೇಬೇಕು. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಏರೋ ಚೌಕಟ್ಟು ಎಷ್ಟು ನಿಮಿಷ ಉಳಿಸುತ್ತದೆ?

ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 45 ಕಿಲೋಮೀಟರಿನಲ್ಲಿ ಒಂದು ಚೌಕಟ್ಟು 15 ವ್ಯಾಟ್ ಉಳಿಸುತ್ತದೆ ಎಂದು ಒಪ್ಪಿಕೊಳ್ಳೋಣ. 30ರ ವೇಗಕ್ಕೆ ಬಂದಾಗ ಅದೇ ಉಳಿತಾಯ ನಾಲ್ಕೂವರೆ ವ್ಯಾಟಿಗೆ ಕುಸಿಯುತ್ತದೆ. 30ರ ವೇಗಕ್ಕೆ ಒಟ್ಟು ಬೇಕಾದದ್ದು ಸುಮಾರು 145 ವ್ಯಾಟ್ ಎಂದು ಹಿಡಿದು ಲೆಕ್ಕ ಹಾಕಿದರೆ, 60 ಕಿಲೋಮೀಟರ್ ದಾರಿಯಲ್ಲಿ ಉಳಿಯುವುದು ಒಂದೂವರೆ ನಿಮಿಷದಷ್ಟು. ಎರಡು ತಾಸಿನ ಸವಾರಿಯಲ್ಲಿ ಒಂದೂವರೆ ನಿಮಿಷ!

ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸವಾರರ ದೇಹದ್ದು. ಮೊಣಕೈ ಬಾಗಿಸಿ ಕೂರುವುದು, ಪಟಪಟಿಸದ ಅಂಗಿ ಹಾಕುವುದು, ಇವೆರಡೇ ಚೌಕಟ್ಟಿಗಿಂತ ಹೆಚ್ಚು ಕೊಡಬಲ್ಲವು. ಮುಂದಿನ ಡಿರೇಲರ್ ತೆಗೆದದ್ದರಿಂದ ಗಾಳಿಯಲ್ಲಿ ಸಿಗುವ ಲಾಭವೂ ಅತ್ಯಲ್ಪ. 10 ಹಲ್ಲಿನ ಚಕ್ರದಲ್ಲಿ ಚೈನು ಬಿಗಿಯಾಗಿ ಬಾಗುವುದರಿಂದ, ಎರಡೂ ತುದಿಯ ಚಕ್ರಗಳಲ್ಲಿ ಅದು ಓರೆಯಾಗಿ ಓಡುವುದರಿಂದ ಆಗುವ ನಷ್ಟ ಆ ಲಾಭವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ.

ನಮ್ಮಲ್ಲಿ ಇನ್ನೊಂದು ಸಂಗತಿಯಿದೆ. ರಾಷ್ಟ್ರೀಯ ಹೆದ್ದಾರಿ 66 ಉತ್ತರ–ದಕ್ಷಿಣವಾಗಿ ಕಡಲಿಗೆ ಸಮಾನಾಂತರವಾಗಿ ಹೋಗುತ್ತದೆ. ಬೆಳಗ್ಗೆ ನೆಲದಿಂದ ಕಡಲಿಗೆ, ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ ಗಾಳಿ. ಎರಡೂ ಅಡ್ಡಗಾಳಿಗಳೇ. ಏರೋ ಸೈಕಲ್ಲಿನ ಜತೆ ಬರುವ ಎತ್ತರದ ರಿಮ್ಮುಗಳು ಅಡ್ಡಗಾಳಿಗೆ ಹಾಯಿಯಂತೆ ವರ್ತಿಸುತ್ತವೆ. ನೇತ್ರಾವತಿ ಸೇತುವೆ, ಕೂಳೂರು, ಮೂಲ್ಕಿಯ ಶಾಂಭವಿ, ಉದ್ಯಾವರ: ಗಾಳಿಗೆ ಪೂರ್ತಿ ತೆರೆದ ಜಾಗಗಳು. ಪಕ್ಕದಲ್ಲಿ ಎಕ್ಸ್‌ಪ್ರೆಸ್ ಬಸ್ಸು ದಾಟಿದಾಗ ಗಾಳಿ ಒಮ್ಮೆ ನಿಂತು, ಮರುಕ್ಷಣ ಮತ್ತೆ ತಳ್ಳುತ್ತದೆ. ಮುಂಚಕ್ರ ಆ ಕ್ಷಣ ಎಳೆಯುತ್ತದೆ. ಯುಸಿಐ 2026ರಿಂದ ಗುಂಪು ಸ್ಪರ್ಧೆಗಳಲ್ಲಿ ರಿಮ್ಮಿನ ಎತ್ತರವನ್ನು 65 ಮಿಲಿಮೀಟರಿಗೆ ಸೀಮಿತಗೊಳಿಸಿದೆ. ದೇಹ ಹಗುರವಿದ್ದವರು ಇಲ್ಲಿ ಅದರ ಅರ್ಧದಷ್ಟಕ್ಕೆ ತೃಪ್ತಿಪಟ್ಟರೆ ಸುರಕ್ಷಿತ.

ಉಪ್ಪುಗಾಳಿ ಮತ್ತು ಕಾಣದ ತಂತಿಗಳು

ಜಾಹೀರಾತಿನಲ್ಲಿ ಬರದೆ, ಬಿಲ್ಲಿನಲ್ಲಿ ಬರುವ ವಿಷಯ ಇದು. ಇಂದಿನ ಏರೋ ಸೈಕಲ್ಲಿನಲ್ಲಿ ಬ್ರೇಕಿನ ನಾಳಗಳು ಹೊರಗೆ ಕಾಣುವುದಿಲ್ಲ. ಹ್ಯಾಂಡಲ್‌ಬಾರಿನ ಒಳಗಿಂದ ಹೊರಟು, ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್ಟಿನ ಬೇರಿಂಗಿನ ನಡುವೆ ನುಗ್ಗಿ, ಚೌಕಟ್ಟಿನೊಳಗೆ ಇಳಿಯುತ್ತವೆ. ನೋಡಲು ಬಹಳ ಚೆಂದ. ಆದರೆ ಮೇಲಿನ ಬೇರಿಂಗ್ ಬದಲಿಸಬೇಕಾದರೆ ಅನೇಕ ಮಾದರಿಗಳಲ್ಲಿ ನಾಳವನ್ನೇ ಬಿಚ್ಚಬೇಕು, ಮತ್ತೆ ಜೋಡಿಸಿ ಎಣ್ಣೆ ತುಂಬಿ ಗಾಳಿ ತೆಗೆಯಬೇಕು. ಹ್ಯಾಂಡಲ್ ಒಂದಿಷ್ಟು ಮೇಲೆತ್ತುವುದೂ ಅರ್ಧ ದಿನದ ಕೆಲಸವಾಗಬಹುದು.

ಹೆಡ್‌ಸೆಟ್ ಬೇರಿಂಗ್ ಇಲ್ಲಿ ಎಷ್ಟು ಬಾಳುತ್ತದೆ? ಮೇಲಿನಿಂದ ಬೆವರು, ಕೆಳಗಿನಿಂದ ಚಕ್ರ ಎರಚುವ ನೀರು, ಸುತ್ತ ಉಪ್ಪುಗಾಳಿ. ಒಣ ಊರಿನಲ್ಲಿ ಹಲವು ವರ್ಷ ಬರುವ ಬೇರಿಂಗ್ ಮಲ್ಪೆ, ಪಣಂಬೂರು, ಉಳ್ಳಾಲದ ಹತ್ತಿರ ಮಳೆಗಾಲದಲ್ಲೂ ಓಡಿಸುವವರಿಗೆ ಅಷ್ಟು ಕಾಲ ಬರುವುದಿಲ್ಲ. ಕಾರ್ಬನ್ ಚೌಕಟ್ಟಿಗೆ ತುಕ್ಕು ಹಿಡಿಯುವುದಿಲ್ಲ ನಿಜ. ಅದರೊಳಗಿನ ಬೋಲ್ಟುಗಳಿಗೆ ಹಿಡಿಯುತ್ತದೆ, ಅಲ್ಯೂಮಿನಿಯಂ ತುಂಡುಗಳನ್ನೂ ಉಪ್ಪು ತಿನ್ನುತ್ತದೆ. ಸೀಟಿನ ಕಂಬ, ಹ್ಯಾಂಡಲ್ ಎಲ್ಲವೂ ಆ ಮಾದರಿಗೆ ಮಾತ್ರ ಹೊಂದುವಂಥವಾದರೆ, ಚಿಕ್ಕ ತುಂಡೊಂದು ಮುರಿದರೂ ಹೊರಗಿನಿಂದ ತರಿಸಬೇಕು. ಅಲ್ಲಿಯವರೆಗೆ ಸೈಕಲ್ ಗೋಡೆಗೆ ಒರಗಿ ನಿಲ್ಲುತ್ತದೆ. ಒಂದೇ ರಿಂಗಿಗಿಂತ, ಡಿಸ್ಕಿಗಿಂತ, ನನಗೆ ಈ ಸೈಕಲ್ಲಿನ ಬಗ್ಗೆ ನಿಜವಾದ ಅಳುಕು ಇರುವುದು ಇಲ್ಲಿ.

ದುಡ್ಡಿನ ಮಾತು

ತೆರಿಗೆ ಇಳಿದದ್ದರಿಂದ ಎಷ್ಟು ಉಳಿಯುತ್ತದೆ? ತೆರಿಗೆಯ ಮುನ್ನ ಒಂದು ಲಕ್ಷದ ಸೈಕಲ್ಲು ಮೊದಲು 1,12,000 ಆಗುತ್ತಿತ್ತು, ಈಗ 1,05,000. ಏಳು ಸಾವಿರ ರೂಪಾಯಿ ಉಳಿತಾಯ. ಒಳ್ಳೆಯ ಹೆಲ್ಮೆಟ್, ಎರಡು ಟಯರ್ ಬರುತ್ತವೆ. ಆದರೆ ಹೊರದೇಶದಿಂದ ಬರುವ ಸೈಕಲ್ಲಿನ ಬೆಲೆಯನ್ನು ನಿರ್ಧರಿಸುವುದು ಜಿಎಸ್‌ಟಿ ಒಂದೇ ಅಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಸೈಕಲ್ಲಿನ ಆಮದು ಸುಂಕವನ್ನು ಶೇ 30ರಿಂದ 35ಕ್ಕೆ ಏರಿಸಲಾಗಿತ್ತು, ಅದರ ಮೇಲೆ ಡಾಲರಿನ ಬೆಲೆ. ಕಾರ್ಬನ್ ಏರೋ ಸೈಕಲ್ಲುಗಳು ಈಗಲೂ ಹಲವು ಲಕ್ಷಗಳ ಮಾತೇ.

ಅಷ್ಟು ಹಣ ತೆಗೆದಿಟ್ಟವರು ಯಾವುದಕ್ಕೆ ಕೊಡುತ್ತಿದ್ದೇವೆಂದು ಬಿಡಿಸಿ ನೋಡಿಕೊಳ್ಳಬೇಕು. ಡಿಸ್ಕ್ ಬ್ರೇಕಿಗೆ ಕೊಟ್ಟ ಹಣ ಪ್ರತಿ ಮಳೆಗಾಲದಲ್ಲೂ ಹಿಂದಿರುಗುತ್ತದೆ. 30 ಅಥವಾ 32 ಮಿಲಿಮೀಟರಿನ ಟಯರಿಗೆ ಜಾಗವಿರುವ ಚೌಕಟ್ಟಿಗೆ ಕೊಟ್ಟದ್ದೂ ಹಾಗೆಯೇ. ಹೊಂಡ, ಕಾಂಕ್ರೀಟಿನ ಬಿರುಕು, ರಸ್ತೆಯುಬ್ಬುಗಳ ನಡುವೆ ಅಗಲದ ಟಯರಿನಷ್ಟು ಉಪಕಾರ ಮಾಡುವುದು ಬೇರೊಂದಿಲ್ಲ. ಸರಿಯಾದ ಕ್ಯಾಸೆಟ್ ಇರುವ ಒಂದೇ ರಿಂಗಿಗೆ ಕೊಟ್ಟದ್ದು ವ್ಯರ್ಥವಲ್ಲ. ಒಂದೂವರೆ ನಿಮಿಷದ ಏರೋ ಚೌಕಟ್ಟಿಗೆ, ಅದರ ಕಾಣದ ತಂತಿಗಳಿಗೆ ಕೊಟ್ಟದ್ದು ಮಾತ್ರ ಟ್ರಯಥ್ಲಾನ್ ಅಥವಾ ಟೈಮ್ ಟ್ರಯಲ್ ಮಾಡುವವರಿಗೆ, 38–40ರ ವೇಗವನ್ನು ತಾಸುಗಟ್ಟಲೆ ಹಿಡಿಯಬಲ್ಲವರಿಗೆ ಸಾರ್ಥಕ. 200 ಕಿಲೋಮೀಟರಿನ ಬ್ರೆವೆ ಸವಾರಿಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ತಾಸಿನ ಅವಕಾಶ ಇರುತ್ತದೆ, ಅಂದರೆ ನಿಲ್ಲುವ ಹೊತ್ತೂ ಸೇರಿ ಗಂಟೆಗೆ 15 ಕಿಲೋಮೀಟರಿಗೂ ಕಡಿಮೆ. ಅಂಥ ದೂರದ ಸವಾರರಿಗೆ ಬೆನ್ನು ನೋಯದ ಹ್ಯಾಂಡಲ್ಲೂ ಹಗುರ ಗೇರೂ ಮುಖ್ಯ. ಅದೇ ಹಣಕ್ಕೆ, ಬಹುಶಃ ಅರ್ಧ ಹಣಕ್ಕೆ, ದುಂಡು ಕೊಳವೆಯ, ತಂತಿ ಹೊರಗಿರುವ, ಡಿಸ್ಕ್ ಬ್ರೇಕಿನ ಸೈಕಲ್ಲು ಅವರಿಗೆ ಹೆಚ್ಚು ವರ್ಷ ಬಾಳುತ್ತದೆ.

ಅಂಗಡಿಗೆ ಹೋದಾಗ ಹಿಂದಿನ ಕ್ಯಾಸೆಟ್ಟಿನ ಅತಿ ದೊಡ್ಡ ಚಕ್ರದ ಹಲ್ಲುಗಳೆಷ್ಟು, ಮುಂದಿನ ರಿಂಗಿನ ಹಲ್ಲುಗಳೆಷ್ಟು ಎಂದು ಕೇಳಿ, ಭಾಗಿಸಿ ನೋಡಿ. ಬಳಿಕ ಆ ಚೌಕಟ್ಟಿಗೆ ಮುಂದೆ ಎಂದಾದರೂ ಎರಡನೆಯ ರಿಂಗ್ ಹಾಕಿಸಲು ಸಾಧ್ಯವೆ, ಮುಂದಿನ ಡಿರೇಲರ್ ಕೂರಿಸುವ ಜಾಗ ಕೊಟ್ಟಿದ್ದಾರೆಯೆ ಎಂದು ವಿಚಾರಿಸಿ. ಕೆಲವು ಮಾದರಿಗಳಲ್ಲಿ ಸೀಟಿನ ಕೊಳವೆಯ ಮೇಲೆ ಚಿಕ್ಕ ಮುಚ್ಚಳವೊಂದಿರುತ್ತದೆ, ಅದನ್ನು ತೆಗೆದರೆ ಡಿರೇಲರ್ ಕೂರುತ್ತದೆ. ಕೆಲವದರಲ್ಲಿ ಆ ಜಾಗವೇ ಇರುವುದಿಲ್ಲ.